ಪ್ರಾಮಾಣಿಕತೆಯೊಂದೇ ಸಾಕೆ?

(ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನದಂದು ಗಚ್ಚಿಬೌಲಿಯ ನಮ್ಮ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಈ ದಿನ ನೀನು ಮಾತನಾಡಬೇಕೆಂದು ನಮ್ಮ ಕಾರ್ಯದರ್ಶಿಗಳು ಹೇಳಿದಾಗ ನಾನು ಎರಡು ಸಲ ಬೇಡವೆಂದೆ. ನಾನು ಓದಿರುವುದು ಮೆಟ್ರಿಕ್‌ವರೆಗೆ. ಹಗಲೆಲ್ಲ ಬೇಳೆ ಗಿರಣಿಯಲ್ಲಿ ಗುಮಾಸ್ತಗಿರಿ. ಸಂಜೆ ಇಲ್ಲಿ ಪತ್ರಿಕೆಗಳನ್ನು ಜೋಡಿಸಿ, ಪುಸ್ತಕಗಳ ಲೆಕ್ಕ ಬರೆದಿಡುವ ಕೆಲಸ. ಇಂಥವನು ವಿಶ್ವೇಶ್ವರಯ್ಯನವರಂಥ ದೊಡ್ಡವರ ಬಗ್ಗೆ ಏನು ಹೇಳಿಯಾನು? ಅದಕ್ಕೆ ಕಾರ್ಯದರ್ಶಿಗಳು, "ನಿನಗೆ ಗೊತ್ತಿರುವುದನ್ನಷ್ಟೇ ಹೇಳು, ಅರ್ಧ ಗಂಟೆಯಲ್ಲಿ ಮುಗಿಸು" ಎಂದು ಅಪ್ಪಣೆ ಕೊಟ್ಟರು. ಅದರಂತೆ ನಡೆಯಲು ಪ್ರಯತ್ನಿಸುತ್ತೇನೆ.

ವಿಶ್ವೇಶ್ವರಯ್ಯನವರು ಹುಟ್ಟಿದ್ದು ೧೮೬೧ನೆಯ ಇಸವಿ ಸೆಪ್ಟೆಂಬರ್ ೧೫ರಂದು, ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ. ಈ ದಿನವನ್ನು ದೇಶವೆಲ್ಲ ಇಂಜಿನಿಯರುಗಳ ದಿನವೆಂದು ಆಚರಿಸುತ್ತದೆ. ಇಂಥ ಸಭೆಗಳಲ್ಲಿ ತಪ್ಪದೆ ಹೇಳುವ ಒಂದು ಕಥೆಯುಂಟು. ಅವರು ಸರಕಾರದ ಕೆಲಸ ಮಾಡುವಾಗ ಸರಕಾರದ ಮೇಣದ ಬತ್ತಿ ಹಚ್ಚುತ್ತಿದ್ದರಂತೆ. ಸ್ವಂತ ಕಾಗದ ಬರೆಯುವಾಗ ಅದನ್ನು ಆರಿಸಿ ತಮ್ಮ ಮೇಣದ ಬತ್ತಿ ಹಚ್ಚುತ್ತಿದ್ದರಂತೆ. ಜನರ ಬಾಯಲ್ಲಿ ಬೆಳೆದು ಬಂದ ಕಥೆ ಇದು. ನಾನೂ ಇದನ್ನು ಚಿಕ್ಕಂದಿನಿಂದ ಕೇಳಿ, ಸಾರ್ವಜನಿಕ ಸೇವೆಯೆಂದರೆ ಇಷ್ಟೇ ಎಂದು ನಂಬಿದ್ದೆ. ಕೈ ಶುದ್ಧವಾಗಿರಬೇಕು, ಸುಳ್ಳು ಬರೆಯಬಾರದು, ಮುಗಿಯಿತು. ಈ ನಂಬಿಕೆ ಸಾಲದೆಂದು ನನಗೆ ತಿಳಿಸಿದ್ದು ಒಬ್ಬ ಹುಡುಗಿ. ಆ ಸಂಗತಿಯನ್ನು ಮೊದಲು ನಿಮ್ಮ ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಕೆಲವು ವರ್ಷಗಳ ಹಿಂದೆ, ಯಾದಗಿರಿ ಕಡೆಯ ಒಬ್ಬ ಗೃಹಸ್ಥರು ಒಂದು ಸಂಜೆ ಈ ಮೇಜಿನ ಮುಂದೆ ಬಂದು ನಿಂತರು. ಇಲ್ಲಿಯೇ ಹತ್ತಿರದಲ್ಲಿ ಏಳುತ್ತಿದ್ದ ದೊಡ್ಡ ಕಟ್ಟಡವೊಂದರಲ್ಲಿ ಅವರದು ಗಾರೆ ಕೆಲಸ. ಜೊತೆಯಲ್ಲಿ ಎಂಟು ವರ್ಷದ ಮಗಳು. "ಸಾಹೇಬ್ರ, ಹುಡುಗಿಗಿ ಸಾಲಿಗಿ ಹಾಕಬೇಕ್ರಿ. ಹುಟ್ಟಿದ ತಾರೀಖಿನ ಕಾಗದ ತರ್ರಿ, ಹಿಂದಿನ ಸಾಲಿ ಟೀಸಿ ತರ್ರಿ ಅಂತಾರ. ಎರಡೂ ಇಲ್ರಿ. ನಿಮ್ಮ ಸಂಘದ ಕಾಗದದ ಮ್ಯಾಲೆ ಒಂದು ತಾರೀಖು ಹಾಕಿ ಬರದು ಕೊಡ್ರಿ" ಎಂದರು.

ನಾನು ಕೊಡಲಿಲ್ಲ. ಆ ಮಗುವಿನ ಜನ್ಮದಿನ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದು ಸಂಘದ ಕಾಗದದ ಮೇಲೆ ಬರೆಯುವುದು ಸುಳ್ಳು. "ಅಣ್ಣಾ, ಊರಿನಿಂದ ಕಾಗದ ತರಿಸಿಕೊಳ್ಳಿ" ಎಂದೆ. ಊರಿಗೆ ಹೋಗಿ ಬರುವುದೆಂದರೆ ಎರಡು ಮೂರು ದಿನದ ಕೂಲಿ ಖೋತಾ. ಹೋದರೂ ಕಾಗದ ಸಿಕ್ಕೀತೆಂಬ ಭರವಸೆಯಿಲ್ಲ. ಅವರು ಮರುಮಾತಾಡದೆ ಹೊರಟುಹೋದರು. ಆ ರಾತ್ರಿ ನಾನು ನಿಶ್ಚಿಂತೆಯಿಂದ ಮಲಗಿದೆ. ಸುಳ್ಳು ಬರೆಯಲಿಲ್ಲವೆಂಬ ಸಮಾಧಾನವಿತ್ತು.

ನಾಲ್ಕು ತಿಂಗಳು ಕಳೆದ ಮೇಲೆ, ನಮ್ಮಲ್ಲಿಗೆ ಪತ್ರಿಕೆ ಓದಲು ಬರುವ ನಿವೃತ್ತ ಹೆಡ್‌ಮಾಸ್ತರೊಬ್ಬರ ಮುಂದೆ ಮಾತಿನ ಮೇಲೆ ಮಾತು ಬಂದು ಈ ಸಂಗತಿ ಹೇಳಿದೆ. ಹೊಗಳುವರೆಂದು ನನ್ನ ಮನಸ್ಸಿನಲ್ಲಿತ್ತು. ಅವರು ಕನ್ನಡಕ ತೆಗೆದು, "ಅಯ್ಯಾ, ಆ ಕಾಗದವೇ ಬೇಕಾಗಿರಲಿಲ್ಲವಲ್ಲ!" ಎಂದರು.

ವಿಷಯ ಇಷ್ಟು. ೨೦೦೯ರಲ್ಲಿ ಪಾರ್ಲಿಮೆಂಟು ಮಾಡಿದ, ೨೦೧೦ನೆಯ ಏಪ್ರಿಲ್ ೧ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕಿನ ಕಾಯಿದೆಯ ೧೪ನೆಯ ಕಲಮು, ವಯಸ್ಸಿನ ಪುರಾವೆ ಇಲ್ಲವೆಂಬ ಕಾರಣಕ್ಕೆ ಯಾವ ಮಗುವಿಗೂ ಪ್ರವೇಶ ನಿರಾಕರಿಸಬಾರದೆಂದು ಹೇಳುತ್ತದೆ. ೫ನೆಯ ಕಲಮಿನ ಪ್ರಕಾರ, ವರ್ಗಾವಣೆ ಪತ್ರ ತರುವುದು ತಡವಾಯಿತೆಂದು ಪ್ರವೇಶವನ್ನು ತಡೆಯುವಂತಿಲ್ಲ. ೧೫ನೆಯ ಕಲಮಿನ ಪ್ರಕಾರ, ವರ್ಷದ ನಡುವೆ ಬಂದ ಮಗುವನ್ನೂ ಹಿಂದಕ್ಕೆ ಕಳುಹಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡು, ಹಿಂದೆ ಬಿದ್ದ ಮಗುವಿಗೆ ವಿಶೇಷ ಪಾಠ ಹೇಳಬೇಕೆಂದು ೪ನೆಯ ಕಲಮು ಹೇಳುತ್ತದೆ. ಆರರಿಂದ ಹದಿನಾಲ್ಕು ವರ್ಷದ ಎಲ್ಲ ಮಕ್ಕಳಿಗೂ ಇದು ಅನ್ವಯ.

ಹಾಗಾದರೆ ನನ್ನ ಧರ್ಮಸಂಕಟ ಎಲ್ಲಿ ಉಳಿಯಿತು? ಸುಳ್ಳು ಬರೆಯಬೇಕೋ, ಮಗುವನ್ನು ಶಾಲೆಯ ಹೊರಗೆ ಬಿಡಬೇಕೋ ಎಂದು ನಾನು ತೂಗಿ ನೋಡಿದ್ದೆ. ಎರಡೂ ಬೇಕಿರಲಿಲ್ಲ. ಕಾಯಿದೆಯ ನಾಲ್ಕು ಸಾಲು ತಿಳಿದವನು ಆ ದಿನವೇ ಮಗುವಿನೊಡನೆ ಶಾಲೆಗೆ ನಡೆದಿರುತ್ತಿದ್ದ. ನನ್ನ ಪ್ರಾಮಾಣಿಕತೆ ಸುಳ್ಳಲ್ಲ. ಆದರೆ ಅದರ ಪಕ್ಕದಲ್ಲಿ ಅಜ್ಞಾನ ಕುಳಿತಿತ್ತು. ಆ ಅಜ್ಞಾನದ ದಂಡವನ್ನು ತೆತ್ತವನು ನಾನಲ್ಲ. ತೆತ್ತವಳು ಆ ಹುಡುಗಿ. ಅವಳು ಆ ನಾಲ್ಕು ತಿಂಗಳು ಮರಳಿನ ರಾಶಿಯ ಪಕ್ಕದಲ್ಲಿ ತಮ್ಮನನ್ನು ಎತ್ತಿಕೊಂಡು ಕುಳಿತಿದ್ದಳು. ಮೇಣದ ಬತ್ತಿಯ ಲೆಕ್ಕವನ್ನು ನಾನು ಸರಿಯಾಗಿಯೇ ಇಟ್ಟಿದ್ದೆ. ಬೆಳಕು ಯಾರಿಗೆ ಬೇಕೆಂಬುದನ್ನು ನೋಡಲಿಲ್ಲ.

ಅಂದಿನಿಂದ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ: ಸಾರ್ವಜನಿಕ ಕೆಲಸದಲ್ಲಿ ಪ್ರಾಮಾಣಿಕತೆಯೊಂದೇ ಸಾಕೆ? ಈ ಪ್ರಶ್ನೆಯನ್ನು ಇಟ್ಟುಕೊಂಡು ವಿಶ್ವೇಶ್ವರಯ್ಯನವರ ಕೆಲಸಗಳನ್ನು ಓದಿದೆ. ಆಗ ಕಂಡದ್ದು ಬೇರೊಂದು ಚಿತ್ರ.

ಧರ್ಮಸಂಕಟವೆಂದರೇನು? ಗಲ್ಲೆಯಿಂದ ಹಣ ತೆಗೆಯಲೋ ಬೇಡವೋ ಎಂಬುದು ಧರ್ಮಸಂಕಟವಲ್ಲ. ಅದು ಬರಿಯ ಆಸೆ. ಈ ಕಡೆಯೂ ನ್ಯಾಯವಿದ್ದು, ಆ ಕಡೆಯೂ ನ್ಯಾಯವಿದ್ದು, ಒಂದನ್ನು ಹಿಡಿದರೆ ಇನ್ನೊಂದು ಕೈತಪ್ಪುವಂತಿದ್ದರೆ ಅದು ಧರ್ಮಸಂಕಟ. ಇಂಥ ಕಡೆ ಒಳ್ಳೆಯ ಮನಸ್ಸು ದಾರಿ ಹುಡುಕಬೇಕೆಂದು ಹೇಳುತ್ತದೆಯೇ ಹೊರತು ದಾರಿಯನ್ನು ತೋರಿಸುವುದಿಲ್ಲ. ತೋರಿಸುವುದಕ್ಕೆ ಕಸುಬಿನ ತಿಳಿವಳಿಕೆ ಬೇಕು. ಜೊತೆಗೆ, ಯಾರೂ ನಡೆಯದ ಕಡೆ ಕಾಲಿಡುವ ಹೊಸ ಬುದ್ಧಿ ಬೇಕು.

ನಮ್ಮ ಹೈದರಾಬಾದಿನ ಸಂಗತಿಯನ್ನೇ ನೋಡಿ. ೧೯೦೮ನೆಯ ಸೆಪ್ಟೆಂಬರ್ ೨೮ರಂದು ಮೂಸಿ ನದಿ ಉಕ್ಕಿ ಊರೊಳಗೆ ನುಗ್ಗಿತು. ಸತ್ತವರು ಸುಮಾರು ಹದಿನೈದು ಸಾವಿರ ಮಂದಿ ಎಂದು ಹೇಳುತ್ತಾರೆ. ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿರುವ ಹುಣಸೆಮರವನ್ನೇರಿ ನೂರೈವತ್ತು ಜನ ಬದುಕಿಕೊಂಡರೆಂದು ಇಂದಿಗೂ ಆ ಮರವನ್ನು ತೋರಿಸುತ್ತಾರೆ. ಮುಂಬಯಿ ಸರಕಾರದ ಕೆಲಸ ಬಿಟ್ಟು ವಿದೇಶ ಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯನವರನ್ನು ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಸರಕಾರ ಕರೆಸಿಕೊಂಡಿತು. ಅವರು ೧೯೦೯ರಲ್ಲಿ ಇಲ್ಲಿಗೆ ಬಂದರು. ಆಗ ಕಲಬುರಗಿ, ರಾಯಚೂರು, ಬೀದರಗಳೂ ಇದೇ ಸಂಸ್ಥಾನದಲ್ಲಿದ್ದುವು. ೧೯೫೬ರ ನವೆಂಬರ್ ೧ರ ತನಕ ಈ ಊರೇ ನಮ್ಮ ಜಿಲ್ಲೆಗಳಿಗೆ ರಾಜಧಾನಿ. ಆದುದರಿಂದ ನಾವು ಇಲ್ಲಿ ತೀರ ಪರಸ್ಥಳದವರೇನೂ ಅಲ್ಲ.

ಪ್ರವಾಹ ಬಂದಾಗ ಯಾರಿಗಾದರೂ ಮೊದಲು ತೋಚುವುದು ಊರಿಗೆ ಗೋಡೆ ಕಟ್ಟುವುದು. ಆದರೆ ಊರಿಗೆ ಗೋಡೆ ಕಟ್ಟಿದರೆ ನೀರು ಮಾಯವಾಗುವುದಿಲ್ಲ. ಕೆಳಗಿನ ಹಳ್ಳಿಗಳ ಪಾಲಾಗುತ್ತದೆ. ಮೇಲೆ ಅಣೆಕಟ್ಟು ಕಟ್ಟಿದರೆ ಮೇಲಿನವರ ಹೊಲ ಮುಳುಗುತ್ತದೆ. ಯಾವ ಹಳ್ಳಿಯವನ ಕಣ್ಣೀರಿಗೆ ಬೆಲೆ ಹೆಚ್ಚು? ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ಅವರು ಮಳೆಯ ಲೆಕ್ಕ ಕೂಡಿಸಿದರು. ಜಲಾನಯನದಲ್ಲಿ ಎಷ್ಟು ಮಳೆ ಬಿತ್ತು, ಎಷ್ಟು ಕೆರೆಗಳು ಒಡೆದುವು, ನೀರು ಎಷ್ಟು ಹೊತ್ತಿನಲ್ಲಿ ಊರು ಮುಟ್ಟಿತು ಎಂದು ಪರಿಶೀಲಿಸಿದರು. ಆಮೇಲೆ ಮೂಸಿಗೆ ಒಂದು, ಅದರ ಉಪನದಿ ಈಸಿಗೆ ಒಂದು, ಹೀಗೆ ಊರಿನ ಮೇಲ್ಗಡೆ ಎರಡು ಜಲಾಶಯಗಳಾಗಬೇಕೆಂದು ಹೇಳಿದರು. ಊರೊಳಗೆ ನದಿಯ ದಂಡೆಗಳನ್ನು ಎತ್ತರಿಸಿ ಅಲ್ಲಿ ಉದ್ಯಾನ ಮಾಡಬೇಕೆಂದೂ ಸೂಚಿಸಿದರು. ಉಸ್ಮಾನ್ ಸಾಗರ ೧೯೨೦ರಲ್ಲಿ ಮುಗಿಯಿತು. ಹಿಮಾಯತ್ ಸಾಗರ ೧೯೨೭ರಲ್ಲಿ. ಉಸ್ಮಾನ್ ಸಾಗರವನ್ನೇ ನಾವು ಗಂಡಿಪೇಟೆ ಕೆರೆ ಎನ್ನುತ್ತೇವೆ. ರಜೆಯ ದಿನ ನಿಮ್ಮಲ್ಲಿ ಅನೇಕರು ಅಲ್ಲಿಗೆ ಹೋಗಿ ಬಂದಿದ್ದೀರಿ.

ಈ ಜಲಾಶಯಗಳೊಳಗೇ ಇನ್ನೊಂದು ಸಂಕಟವುಂಟು. ಪ್ರವಾಹ ತಡೆಯಬೇಕಾದರೆ ಕೆರೆ ಖಾಲಿಯಿರಬೇಕು. ಊರಿಗೆ ಕುಡಿಯುವ ನೀರು ಕೊಡಬೇಕಾದರೆ ತುಂಬಿರಬೇಕು. ಉಸ್ಮಾನ್ ಸಾಗರದ ಪೂರ್ಣ ಮಟ್ಟ ೧೭೯೦ ಅಡಿ. ಮಳೆಗಾಲದಲ್ಲಿ ನೀರು ಆ ಗೆರೆಯ ಹತ್ತಿರ ಬಂದಾಗ ಬಾಗಿಲ ಬಳಿ ನಿಂತ ಅಧಿಕಾರಿಯ ಸ್ಥಿತಿಯನ್ನು ಯೋಚಿಸಿ. ಮೊದಲೇ ಬಿಟ್ಟು ಮಳೆ ನಿಂತುಹೋದರೆ, ಬೇಸಗೆಯಲ್ಲಿ ಜನ ಅವನನ್ನು ಶಪಿಸುತ್ತಾರೆ. ತಡಮಾಡಿ ಒಮ್ಮೆಲೇ ಬಿಟ್ಟರೆ, ಮೂಸಿಯ ದಂಡೆಯ ಗುಡಿಸಲುಗಳಿಗೆ ರಾತ್ರಿಯಲ್ಲಿ ನೀರು ಹೊಕ್ಕುತ್ತದೆ. ೨೦೨೦ನೆಯ ಅಕ್ಟೋಬರ್ ತಿಂಗಳ ಮಳೆಯನ್ನು ಇಲ್ಲಿರುವವರು ಮರೆತಿಲ್ಲ. ಆಗ ಹಿಮಾಯತ್ ಸಾಗರದ ಬಾಗಿಲುಗಳನ್ನು ತೆರೆಯಬೇಕಾಯಿತು. ಅಂಥ ಹೊತ್ತಿನಲ್ಲಿ ಆ ಅಧಿಕಾರಿ ಲಂಚ ತಿನ್ನದವನೆಂಬುದರಿಂದ ಏನು ಪ್ರಯೋಜನ? ಮೇಲೆ ಎಷ್ಟು ಮಳೆ ಬಿದ್ದಿದೆ, ನೀರು ಬರಲು ಎಷ್ಟು ಗಂಟೆ ಬೇಕು, ಸ್ವಲ್ಪ ಸ್ವಲ್ಪವಾಗಿ ಯಾವಾಗ ಬಿಡಬೇಕು, ದಂಡೆಯವರಿಗೆ ಯಾವಾಗ ಸಾರಬೇಕು ಎಂಬುದು ಅವನಿಗೆ ತಿಳಿದಿರಬೇಕು. ತಿಳಿದವನಿಗೆ ಸಂಕಟ ಪೂರ್ತಿ ಹೋಗದಿದ್ದರೂ ಅರ್ಧಕ್ಕಿಳಿಯುತ್ತದೆ.

ಇದೇ ಬಗೆಯ ಸಂಕಟವನ್ನು ವಿಶ್ವೇಶ್ವರಯ್ಯನವರು ಇನ್ನೂ ಮೊದಲೇ, ಪುಣೆಯ ಬಳಿಯ ಖಡಕ್ವಾಸ್ಲಾದಲ್ಲಿ ಎದುರಿಸಿದ್ದರು. ಹೆಚ್ಚು ನೀರು ನಿಲ್ಲಿಸಬೇಕು, ಆದರೆ ಅಣೆಗೆ ಅಪಾಯವಾಗಬಾರದು. ೧೯೦೩ರಲ್ಲಿ ಅವರು ಅಲ್ಲಿ ತಾವೇ ಕಲ್ಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಹಾಕಿಸಿದರು. ನೀರು ಗೊತ್ತಾದ ಮಟ್ಟಕ್ಕೆ ಬರುವ ತನಕ ಬಾಗಿಲು ಮುಚ್ಚಿರುತ್ತದೆ. ಮೀರಿದೊಡನೆ ತಾನೇ ತೆರೆಯುತ್ತದೆ. ಪ್ರವಾಹ ಇಳಿದ ಮೇಲೆ ತಾನೇ ಮುಚ್ಚುತ್ತದೆ. "ನೀರೋ, ಕ್ಷೇಮವೋ?" ಎಂದು ಕೇಳಿದವರಿಗೆ ಅವರು ಎರಡನ್ನೂ ಕೊಟ್ಟರು. ಹೊಸ ಬುದ್ಧಿ ಎಂದು ನಾನು ಹೇಳಿದ್ದು ಇದನ್ನೇ.

ಕಬ್ಬಿಣದ ಬಾಗಿಲಿನ ಮಾತಾಯಿತು. ಮನುಷ್ಯರ ನಡುವಿನ ನೀರಿನ ಮಾತೂ ಒಂದಿದೆ. ಮುಂಬಯಿ ಪ್ರಾಂತದ ನೀರಾ ಕಾಲುವೆಯ ಪ್ರದೇಶದಲ್ಲಿ ಕಬ್ಬು ಬೆಳೆಯುವ ಕೆಲವು ಊರುಗಳಿಗೆ ಬೇಕಾದಷ್ಟು ನೀರು, ಉಳಿದವರಿಗೆ ಬಾಯಾರಿಕೆ. ನೀರು ಹೆಚ್ಚಾದ ಕಡೆ ಭೂಮಿ ಜೌಗು ಹಿಡಿದು ಮಲೇರಿಯಾ. ಕಬ್ಬು ಬೆಳೆದವನೂ ಸಾಲ ಮಾಡಿ ಬಂಡವಾಳ ಹಾಕಿದವನೇ. ಅವನ ನೀರನ್ನು ಏಕಾಏಕಿ ಕಿತ್ತುಕೊಳ್ಳುವುದೂ ನ್ಯಾಯವಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿಶ್ವೇಶ್ವರಯ್ಯನವರು ಸೂಚಿಸಿದ್ದು 'ಬ್ಲಾಕ್' ಪದ್ಧತಿ. ಭೂಮಿಯನ್ನು ಬ್ಲಾಕುಗಳಾಗಿ ಮಾಡಿ, ಕಾಲುವೆಯ ಉದ್ದಕ್ಕೂ ಅನೇಕ ಹಳ್ಳಿಗಳಿಗೆ ಹಂಚುವುದು. ಬ್ಲಾಕಿನ ಒಂದು ಪಾಲಿನಲ್ಲಿ ಕಬ್ಬಿನಂಥ ಹೆಚ್ಚು ನೀರಿನ ಬೆಳೆ, ಉಳಿದ ಪಾಲಿನಲ್ಲಿ ಕಡಮೆ ನೀರಿನ ಬೆಳೆ. ವರ್ಷದಿಂದ ವರ್ಷಕ್ಕೆ ಸರದಿ ಬದಲಾಯಿಸುವುದು. ಮೊದಲು ರೈತರು ಒಪ್ಪಲಿಲ್ಲ. ಪತ್ರಿಕೆಗಳಲ್ಲಿಯೂ ಟೀಕೆ ಬಂತು. ವಿವರಿಸಿ ಹೇಳಿದ ಮೇಲೆ ಪದ್ಧತಿ ನೆಲೆಯೂರಿತು. ಮುಂದೆ ಮಂಡ್ಯದ ಕಾಲುವೆ ಪ್ರದೇಶಕ್ಕೂ ಅದು ಬಂತು. ನೀರಿನ ಹಂಚಿಕೆ ಸಣ್ಣ ನೌಕರನ ದಯೆಯನ್ನು ಬಿಟ್ಟು ಸರದಿಯ ಲೆಕ್ಕಕ್ಕೆ ಬಂದಾಗ ಲಂಚಕ್ಕೂ ಜಾಗ ಕಡಮೆಯಾಗುತ್ತದೆ.

ನಮ್ಮ ಗಿರಣಿಯ ಅನುಭವವೂ ಇಂಥದೇ. ಕಲಬುರಗಿಯ ತೊಗರಿ ಬಂದಾಗ "ಹಸಿಯಿದೆ, ತೂಕ ಮುರಿಯಿರಿ" ಎಂದು ನಾವು, "ಒಣಗಿದೆ" ಎಂದು ಅವರು, ದಿನಾ ಜಗಳ. ತೇವ ಅಳೆಯುವ ಯಂತ್ರ ಬಂದ ಮೇಲೆ ಜಗಳ ಮುಕ್ಕಾಲು ಪಾಲು ನಿಂತುಹೋಯಿತು. ಅದಕ್ಕೆ ಮೊದಲು ನಾವು ಅಪ್ರಾಮಾಣಿಕರಾಗಿರಲಿಲ್ಲ; ಅಳೆಯಲು ಬರುತ್ತಿರಲಿಲ್ಲ.

ಇಷ್ಟು ಕೇಳಿ ನೀವು, ಹಾಗಾದರೆ ಬಲ್ಲವರ ಕೈಗೆ ಎಲ್ಲವನ್ನೂ ಕೊಟ್ಟುಬಿಟ್ಟರೆ ಆಯಿತಲ್ಲ ಎನ್ನಬಹುದು. ಇಲ್ಲ. ಜನ್ಮದಿನದ ಸಭೆಯೆಂದು ಈ ಮಾತನ್ನು ಮುಚ್ಚಿಡಬಾರದು. ಮೈಸೂರಿನಲ್ಲಿ ಸರಕಾರಿ ಕೆಲಸಗಳೆಲ್ಲ ಹೆಚ್ಚಾಗಿ ಒಂದೇ ಜಾತಿಯವರ ಕೈಯಲ್ಲಿದ್ದುವು. ೧೯೧೭ರಲ್ಲಿ ಪ್ರಜಾಮಿತ್ರ ಮಂಡಳಿಯವರು ಸಂಘಟಿತರಾಗಿ ಉಳಿದವರಿಗೂ ಪಾಲು ಬೇಕೆಂದು ಕೇಳಿದರು. ನಾಲ್ವಡಿ ಕೃಷ್ಣರಾಜ ಒಡೆಯರು ೧೯೧೮ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿದರು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರು, ನೇಮಕಕ್ಕೆ ಯೋಗ್ಯತೆಯೊಂದೇ ಅಳತೆಯಾಗಬೇಕು, ದಕ್ಷತೆ ಕುಗ್ಗಬಾರದು ಎಂದು ಒಪ್ಪದೆ ದಿವಾನಗಿರಿಯನ್ನೇ ಬಿಟ್ಟರು. ಅದಕ್ಕೆ ಇದೇ ಮುಖ್ಯ ಕಾರಣವೆಂದು ಪ್ರಸಿದ್ಧವಾಗಿದೆ. ಸಮಿತಿಯು ೧೯೧೯ರಲ್ಲಿ ವರದಿ ಕೊಟ್ಟು, ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನವುಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗುವಂತಾಗಬೇಕೆಂದು ಹೇಳಿತು. ೧೯೨೧ರಲ್ಲಿ ಸರಕಾರದ ಆಜ್ಞೆಯೂ ಆಯಿತು.

ಅಧಿಕಾರಕ್ಕಿಂತ ನಂಬಿಕೆ ದೊಡ್ಡದೆಂದು ಹುದ್ದೆ ಬಿಟ್ಟದ್ದು ಅವರ ಹಿರಿತನ. ಆದರೆ ಶಾಲೆಯ ಬಾಗಿಲನ್ನೇ ಕಾಣದವರ ಯೋಗ್ಯತೆಯನ್ನು ಯಾವ ಅಳತೆಗೋಲಿನಿಂದ ಅಳೆಯುವುದು? ಕಾಲುವೆಯ ಕೊನೆಯ ಹಳ್ಳಿಗೂ ನೀರು ಹರಿಯಬೇಕೆಂದು ಕಂಡವರಿಗೆ, ಕೆಲಸದ ಸಾಲಿನ ಕೊನೆಯಲ್ಲಿ ನಿಂತವನ ಸರದಿ ಅಷ್ಟೇ ಸ್ಪಷ್ಟವಾಗಿ ಕಾಣಲಿಲ್ಲವೆಂದು ನನಗೆ ತೋರುತ್ತದೆ. ಇದು ನನ್ನ ಸಣ್ಣ ತಿಳಿವಳಿಕೆ. ಹಿರಿಯರು ಬೇರೆ ಅಭಿಪ್ರಾಯವಿದ್ದರೆ ಹೇಳಬಹುದು. ನಾನು ಕಲಿತದ್ದೇನೆಂದರೆ, ಒಂದು ಕಸುಬಿನಲ್ಲಿ ಬಲ್ಲವನು ಎಲ್ಲದರಲ್ಲಿಯೂ ಬಲ್ಲವನಲ್ಲ. ನೋವುಂಡವನೂ ಒಂದು ವಿಷಯದಲ್ಲಿ ತಜ್ಞನೇ. ಅವನನ್ನು ಕೂಡಿಸಿಕೊಂಡು ಕೇಳದೆ ಮಾಡಿದ ಲೆಕ್ಕದಲ್ಲಿ ಒಂದು ಕಲಮು ಬಿಟ್ಟೇ ಹೋಗುತ್ತದೆ.

ಈಗ ಮತ್ತೆ ಗಂಡಿಪೇಟೆಗೆ ಬರೋಣ. ಎರಡು ಕೆರೆಗಳ ನೀರು ಕೆಡಬಾರದೆಂದು ೧೯೯೬ರಲ್ಲಿ ಅಂದಿನ ಆಂಧ್ರಪ್ರದೇಶ ಸರಕಾರ ೧೧೧ನೆಯ ನಂಬರಿನ ಆಜ್ಞೆ ಹೊರಡಿಸಿತು. ಕೆರೆಗಳ ಸುತ್ತ ಹತ್ತು ಕಿಲೋಮೀಟರಿನೊಳಗೆ, ೮೪ ಹಳ್ಳಿಗಳಲ್ಲಿ, ಮಾಲಿನ್ಯ ಮಾಡುವ ಕಾರ್ಖಾನೆಗಳಿಗೂ ದೊಡ್ಡ ಕಟ್ಟಡಗಳಿಗೂ ತಡೆ. ಆ ಗಡಿಯೊಳಗೆ ಬರಬೇಕೆಂದಿದ್ದ ಒಂದು ಎಣ್ಣೆಯ ಕಾರ್ಖಾನೆಗೆ ಸರಕಾರವೇ ವಿನಾಯಿತಿ ಕೊಟ್ಟಾಗ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋಯಿತು. ೧೯೯೯ರ ತೀರ್ಪಿನಲ್ಲಿ ನ್ಯಾಯಾಧೀಶರು, ವಿಜ್ಞಾನದ ಇಂಥ ತೊಡಕುಗಳಿಗೆ ತಜ್ಞರ ನೆರವು ಬೇಕೆಂದು ವಿಷಯವನ್ನು ಬಲ್ಲವರ ಪರಿಶೀಲನೆಗೆ ಒಪ್ಪಿಸಿದರು. ಹಾನಿಯಾಗದೆಂದು ತೋರಿಸುವ ಹೊಣೆ ಬದಲಾವಣೆ ತರುವವನದೆಂದೂ ಹೇಳಿದರು. ೨೦೦೦ನೆಯ ಡಿಸೆಂಬರಿನಲ್ಲಿ ಆ ವಿನಾಯಿತಿ ನಿಲ್ಲದೆಂದು ತೀರ್ಮಾನವಾಯಿತು. ದೇಶದ ಅತ್ಯುಚ್ಚ ನ್ಯಾಯಾಲಯವೇ "ಈ ವಿಷಯ ತಿಳಿದವರನ್ನು ಕೇಳೋಣ" ಎಂದಿತೆಂದರೆ, ನನ್ನಂಥ ಗುಮಾಸ್ತ ಕೇಳುವುದಕ್ಕೆ ನಾಚಬೇಕೆ?

ಆದರೂ ಅಲ್ಲಿನ ರೈತರದೂ ಒಂದು ಮಾತಿದೆ. ಪಕ್ಕದ ಊರಿನವನ ಭೂಮಿಗೆ ಚಿನ್ನದ ಬೆಲೆ. ಊರಿನ ನೀರಿಗಾಗಿ ಕಟ್ಟುಪಾಡಿನಲ್ಲಿರುವ ಇವನ ಭೂಮಿಗೆ ಅದರಲ್ಲಿ ಅಲ್ಪ ಪಾಲು. ೨೦೨೨ನೆಯ ಏಪ್ರಿಲಿನಲ್ಲಿ ತೆಲಂಗಾಣ ಸರಕಾರ ಆ ಕಟ್ಟುಪಾಡನ್ನು ತೆಗೆಯುವ ಆಜ್ಞೆ ಹೊರಡಿಸಿತು. ಅದರ ಮೇಲೆ ಮತ್ತೆ ವಿವಾದ ಎದ್ದಿತು. ಕೆರೆ ಉಳಿಯಬೇಕು, ಕೆರೆಯನ್ನು ಉಳಿಸುವ ಭಾರವನ್ನು ೮೪ ಹಳ್ಳಿಗಳೇ ಹೊರಬಾರದು. ನೀರು ಕುಡಿಯುವ ಊರು ಆ ಹಳ್ಳಿಗಳಿಗೆ ಏನಾದರೂ ಸಲ್ಲಿಸುವ ಉಪಾಯ ಕಂಡುಹಿಡಿಯಬೇಕು. ಆ ಉಪಾಯಕ್ಕೆ ನೀರಿನ ತಜ್ಞರೂ, ಲೆಕ್ಕದ ತಜ್ಞರೂ, ಹಳ್ಳಿಯ ರೈತರೂ ಒಟ್ಟಿಗೆ ಕೂರಬೇಕು. ಆ ಗೋಪುರದಂಥ ಕಟ್ಟಡಗಳಿಗೆ ಕಲ್ಲು ಹೊರುವವರು ನಾವು. ಅವುಗಳಿಗೆ ನೀರೆಲ್ಲಿಂದ ಬರುತ್ತದೆಂದು ಕೇಳುವ ಹಕ್ಕೂ ನಮಗಿದೆ.

ದೊಡ್ಡ ಮಾತು ಸಾಕು. ನಮ್ಮ ವಾಚನಾಲಯಕ್ಕೆ ಮೂರು ಸೂಚನೆಗಳನ್ನು ಮಾಡಿ ಮುಗಿಸುತ್ತೇನೆ.

ಒಂದು: ಯಾರಾದರೂ ಇಲ್ಲಿಗೆ ಕಾಗದ ಬರೆಸಲು ಬಂದರೆ, ಕೊಡುತ್ತೇವೆ ಅಥವಾ ಕೊಡುವುದಿಲ್ಲ ಎನ್ನುವ ಮೊದಲು, "ಈ ಕಾಗದ ನಿಮಗೇಕೆ ಬೇಕು?" ಎಂದು ಕೂರಿಸಿ ಕೇಳೋಣ. ಬಹಳ ಸಲ ಅವರಿಗೆ ಬೇಕಾದದ್ದು ಕಾಗದವಲ್ಲ. ಅದರ ಆಚೆಗಿರುವ ಬಾಗಿಲು.

ಎರಡು: ಒಂದು ನೋಟುಪುಸ್ತಕವಿಡೋಣ. ಕೇಳಿದ ಪ್ರಶ್ನೆ ಎಡಗಡೆ, ಬಲ್ಲವರಿಂದ ಸಿಕ್ಕ ಉತ್ತರ ಬಲಗಡೆ. ಪಡಿತರ ಚೀಟಿ, ಕೂಲಿಯ ಬಾಕಿ, ಆಸ್ಪತ್ರೆ, ಶಾಲೆ, ಎಲ್ಲವೂ ಇರಲಿ. ಹೆಡ್‌ಮಾಸ್ತರರು ಭಾನುವಾರ ಎರಡು ಗಂಟೆ ಇಲ್ಲಿ ಕೂರಲು ಒಪ್ಪಿದ್ದಾರೆ. ಒಬ್ಬರು ಒಮ್ಮೆ ಕಲಿತದ್ದು ಮುಂದೆ ಬರುವ ನೂರು ಜನಕ್ಕೆ ಸಿಗಲಿ.

ಮೂರು: ಬರೆಯುವುದಾದರೆ ನಿಜವನ್ನೇ ಬರೆಯೋಣ, ಆದರೆ ನಮ್ಮ ಕೈಯಲ್ಲಿರುವ ನಿಜವನ್ನೆಲ್ಲ ಬರೆಯೋಣ. ಒಬ್ಬರು ಇಲ್ಲಿ ಎಷ್ಟು ವರ್ಷದಿಂದ ವಾಸವಾಗಿದ್ದಾರೆಂದು ನಮಗೆ ಗೊತ್ತಿಲ್ಲದಿರಬಹುದು. ಆದರೆ ಇಂಥ ದಿನದಿಂದ ಅವರ ಸಹಿ ನಮ್ಮ ಹಾಜರಿ ಪುಸ್ತಕದಲ್ಲಿದೆಯೆಂದು ಧೈರ್ಯವಾಗಿ ಬರೆದು ಕೊಡಬಹುದು. ಸುಳ್ಳಿನ ದೊಡ್ಡ ಕಾಗದಕ್ಕಿಂತ ನಿಜದ ಸಣ್ಣ ಚೀಟಿ ಹೆಚ್ಚು ದೂರ ನಡೆಯುತ್ತದೆ.

ಆ ಹುಡುಗಿ ಏನಾದಳೆಂದು ಕೆಲವರ ಮುಖದಲ್ಲಿ ಪ್ರಶ್ನೆ ಕಾಣುತ್ತಿದೆ. ಹೆಡ್‌ಮಾಸ್ತರರೂ ನಾನೂ ಮರುದಿನವೇ ಕಟ್ಟಡದ ಕೆಲಸದ ಜಾಗಕ್ಕೆ ಹೋಗಿ ಅವಳ ತಂದೆಯನ್ನು ಕಂಡೆವು. ನಾನು ತಪ್ಪಾಯಿತೆಂದೆ. "ನೀವೇನ್ ಮಾಡ್ತೀರಿ ಸಾಹೇಬ್ರ, ನಿಮಗೂ ಗೊತ್ತಿರಲಿಲ್ಲ" ಎಂದು ಅವರೇ ನನಗೆ ಸಮಾಧಾನ ಹೇಳಿದರು. ಆ ಮಾತು ಬೈಗುಳಕ್ಕಿಂತ ಹೆಚ್ಚು ನಾಟಿತು. ತಂದೆಯಿಂದಲೇ ವಯಸ್ಸಿನ ಘೋಷಣೆ ಬರೆಸಿ, ಕಾಯಿದೆಯ ಪ್ರತಿಯನ್ನು ಜೊತೆಗಿಟ್ಟು ಶಾಲೆಗೆ ಹೋದೆವು. ಅಲ್ಲಿನ ಮೇಷ್ಟ್ರು ಓದಿ ನೋಡಿ, ಮರುಮಾತಿಲ್ಲದೆ ಹೆಸರು ಹಚ್ಚಿಕೊಂಡರು. ಅವರೂ ಕೆಟ್ಟವರಲ್ಲ, ನನ್ನಂತೆಯೇ ತಿಳಿಯದವರು.

ಎರಡು ವರ್ಷದ ಮೇಲೆ ಕಟ್ಟಡ ಮುಗಿಯಿತು. ಆ ಕುಟುಂಬ ಬೇರೆ ಊರಿನ ಕೆಲಸಕ್ಕೆ ಹೊರಟಿತು. ಹೋಗುವ ಮೊದಲು ಹುಡುಗಿ ನಮ್ಮ ಎರಡು ಕಥೆ ಪುಸ್ತಕಗಳನ್ನು ಹಿಂದಕ್ಕೆ ಕೊಡಲು ಬಂದಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಮಡಿಸಿಟ್ಟ ಒಂದು ಕಾಗದ. ಬಿಡಿಸಿ ತೋರಿಸಿದಳು. ಅವಳ ಹೆಸರಿನ ವರ್ಗಾವಣೆ ಪತ್ರ.